ತಿಂಗಳಿಗೆರಡು ದಿನದ ಗೈರುಹಾಜರಿ: ತಂಡದ ಮುಖ್ಯಸ್ಥರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹದಿನೆಂಟು ಜನರ ತಂಡವೊಂದರ ಮುಖ್ಯಸ್ಥ. ಲೆಕ್ಕಪತ್ರ ಮತ್ತು ಗ್ರಾಹಕರ ಕರೆ, ಎರಡನ್ನೂ ನಮ್ಮ ತಂಡವೇ ನೋಡಿಕೊಳ್ಳುತ್ತದೆ. ನಮ್ಮ ಸಹೋದ್ಯೋಗಿಯೊಬ್ಬರು ಕೆಲಸದಲ್ಲಿ ಬಹಳ ನಿಪುಣರು. ಆದರೆ ಕಳೆದ ಒಂದು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ತಿಂಗಳೂ ಒಂದೆರಡು ದಿನ, ಅದೂ ಬೆಳಿಗ್ಗೆ ಕೊನೇ ಗಳಿಗೆಯಲ್ಲಿ ತಿಳಿಸಿ, ರಜೆ ಹಾಕುತ್ತಿದ್ದಾರೆ. ಕಳೆದ ತಿಂಗಳು ತಮಗೆ ಎಂಡೊಮೆಟ್ರಿಯೋಸಿಸ್, ಅಂದರೆ ಮುಟ್ಟಿನ ವೇಳೆ ತೀವ್ರ ನೋವು ಕೊಡುವ, ಗರ್ಭಕೋಶಕ್ಕೆ ಸಂಬಂಧಿಸಿದ ಕಾಯಿಲೆ, ಇದೆಯೆಂದು ನನ್ನೊಬ್ಬನಿಗೆ ಹೇಳಿ, ಬೇರೆ ಯಾರಿಗೂ ತಿಳಿಸಬೇಡಿ ಎಂದು ಕೇಳಿಕೊಂಡರು. ಗಂಡಸಾದ ನನಗೆ ಮುಂದೆ ಏನು ಮಾತಾಡಬೇಕೆಂದು ತೋಚದೆ ಸುಮ್ಮನಾದೆ. ಈಗ ತಂಡದಲ್ಲಿ ಗೊಣಗಾಟ ಶುರುವಾಗಿದೆ. ಹಾಜರಾತಿಯ ಆಧಾರದ ಮೇಲೆ ಅವರ ವಾರ್ಷಿಕ ಶ್ರೇಣಿಯನ್ನು ಇಳಿಸಬೇಕೆಂದು ಎಚ್.ಆರ್. ವಿಭಾಗ ಸೂಚಿಸಿದೆ. ಇದೇ ವಿಭಾಗ ಸಿಬ್ಬಂದಿಯ ಕ್ಷೇಮಕ್ಕೆಂದು ಧ್ಯಾನದ ತರಗತಿ ಮತ್ತು ದಿನಕ್ಕಿಷ್ಟು ಹೆಜ್ಜೆ ನಡೆಯುವ ಸ್ಪರ್ಧೆಯನ್ನೂ ನಡೆಸುತ್ತಿದೆ. ನನ್ನ ಕೈಯಲ್ಲಿ ಹೆಚ್ಚಿನ ಹಣವಾಗಲಿ ಅಧಿಕಾರವಾಗಲಿ ಇಲ್ಲ. ಅವರಿಗೆ ನೆರವಾಗುವುದು ಹೇಗೆ? ಉಳಿದವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಹೇಗೆ?

ಉತ್ತರ: ನೀವು ಸುಮ್ಮನಾದ ಆ ಗಳಿಗೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮುಂದೆ ಮಾಡಬೇಕಾದ ಎಲ್ಲ ಕೆಲಸಕ್ಕೂ ಅದೇ ಬಾಗಿಲು. ಇಂಥ ಕಾಯಿಲೆಯ ವಿಷಯವನ್ನು ಮೇಲಧಿಕಾರಿಯ ಮುಂದೆ ಎತ್ತುವ ಮೊದಲು ಹೆಣ್ಣುಮಕ್ಕಳು ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿರುತ್ತಾರೆ. ಹೇಳಿದ ಮೇಲೆ ಎದುರಿಗಿದ್ದವರು ಮಾತಾಡದೆ ಕುಳಿತರೆ, ಅದು ಬರೀ ಮುಜುಗರ ಎಂದು ಅವರಿಗೆ ಅನಿಸುವುದಿಲ್ಲ. ನನ್ನ ಮಾತನ್ನು ಇವರು ನಂಬಲಿಲ್ಲ ಎಂದೇ ಅನಿಸುತ್ತದೆ. ಆದ್ದರಿಂದ ಈ ವಾರವೇ, ಬಾಗಿಲು ಮುಚ್ಚಬಹುದಾದ ಒಂದು ಕೋಣೆಯಲ್ಲಿ, ಹತ್ತು ನಿಮಿಷ ಅವರೊಂದಿಗೆ ಕುಳಿತುಕೊಳ್ಳಿ. ಹೇಳಬೇಕಾದದ್ದು ಇಷ್ಟೇ: “ಅವತ್ತು ನೀವು ಹೇಳಿದಾಗ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ನಿಮ್ಮ ಕಾಯಿಲೆಯ ವಿವರ ನನಗೆ ಬೇಕಿಲ್ಲ. ಕೆಲಸದಲ್ಲಿ ಯಾವುದು ಕಷ್ಟವಾಗುತ್ತಿದೆ, ಯಾವುದನ್ನು ಬದಲಿಸಿದರೆ ಅನುಕೂಲವಾಗುತ್ತದೆ ಎಂಬುದನ್ನು ಹೇಳಿ. ಈಗಲೇ ಹೇಳಬೇಕೆಂದಿಲ್ಲ, ಯೋಚಿಸಿ ಹೇಳಿದರೂ ಸರಿ.” ಇಷ್ಟು ಹೇಳಿ ಅವರ ಮಾತಿಗೆ ಕಾಯಿರಿ.

ಕೆಲಸದ ಬಗ್ಗೆ ಕೇಳಿ, ದೇಹದ ಬಗ್ಗೆ ಕೇಳಬೇಡಿ ಎಂಬುದೇ ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ವಿಷಯ. ಗಂಡಸಾಗಿರುವುದು ಇಲ್ಲಿ ನಿಮ್ಮ ಕೊರತೆಯೇನೂ ಅಲ್ಲ. ಮುಟ್ಟಿನ ನೋವನ್ನು ಸ್ವತಃ ಬಲ್ಲ ಮಹಿಳಾ ಅಧಿಕಾರಿಗಳೇ “ನನಗೂ ಆಗುತ್ತದೆ, ಒಂದು ಮಾತ್ರೆ ತೆಗೆದುಕೊಂಡು ಬರುತ್ತೇನೆ” ಎಂದು ಹೇಳಿ ಎದುರಿನವರ ಬಾಯಿ ಮುಚ್ಚಿಸುವುದನ್ನು ನನ್ನ ವೃತ್ತಿಯಲ್ಲಿ ಬಹಳ ಸಲ ಕಂಡಿದ್ದೇನೆ. ಚಿಕಿತ್ಸೆಯ ಸಲಹೆಗಳನ್ನಂತೂ ಕೊಡಲೇಬೇಡಿ. ಮಗುವಾದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಇಂದಿಗೂ ಎಲ್ಲೆಡೆ ಚಾಲ್ತಿಯಲ್ಲಿದೆ. ಅದು ನಿಜವಲ್ಲ, ಗರ್ಭಧಾರಣೆ ಈ ಕಾಯಿಲೆಯನ್ನು ವಾಸಿಮಾಡುವುದಿಲ್ಲ. ಮಕ್ಕಳಾಗುವುದೇ ಕಷ್ಟವಾಗಿರುವ ಹಲವರಿಗೆ ಆ ಮಾತು ಗಾಯದ ಮೇಲೆ ಬರೆ ಎಳೆದಂತೆ.

ಹಾಗಿದ್ದರೂ ಕಾಯಿಲೆಯ ಸ್ವರೂಪ ನಿಮಗೆ ಸ್ವಲ್ಪ ತಿಳಿದಿರಬೇಕು, ಇಲ್ಲದಿದ್ದರೆ ಗೈರುಹಾಜರಿಯ ರೀತಿ ನಿಮಗೆ ಅರ್ಥವಾಗುವುದಿಲ್ಲ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಗೋಡೆಗಳಲ್ಲಿ, ಕೆಲವರಿಗೆ ಕರುಳು ಮತ್ತು ಮೂತ್ರಕೋಶದ ಮೇಲೂ ಬೆಳೆಯುವ ಸ್ಥಿತಿಯೇ ಎಂಡೊಮೆಟ್ರಿಯೋಸಿಸ್. ಅದರಿಂದ ಉರಿಯೂತವಾಗುತ್ತದೆ, ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ನೋವು ಮುಟ್ಟಿನ ದಿನಗಳಿಗೆ ಮಾತ್ರ ಸೀಮಿತವಾಗಿರಬೇಕೆಂದಿಲ್ಲ, ಮಲಮೂತ್ರ ವಿಸರ್ಜನೆಯ ವೇಳೆಯಲ್ಲೂ ಯಾವ ಕಾರಣವೂ ಕಾಣದ ದಿನಗಳಲ್ಲೂ ಬರಬಹುದು. ಅದರ ಜೊತೆಗೆ ಬರುವ ಆಯಾಸ ನಿದ್ದೆ ಮಾಡಿದರೂ ಹೋಗುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಂತಾನೋತ್ಪತ್ತಿಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇಕಡಾ 10ರಷ್ಟು ಮಂದಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನರಿಗೆ, ಈ ಕಾಯಿಲೆಯಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಕಾಯಿಲೆಯ ಹೆಸರು ಗೊತ್ತಾಗುವುದಕ್ಕೇ ಹಲವಾರು ವರ್ಷ ಹಿಡಿಯುವುದು ಸಾಮಾನ್ಯ. ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ. ನೋವು ನಿವಾರಕಗಳು, ಹಾರ್ಮೋನು ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಇವೆಲ್ಲ ಹತೋಟಿಗೆ ತರುತ್ತವೆ. ಶಸ್ತ್ರಚಿಕಿತ್ಸೆಯ ಬಳಿಕವೂ ಕಾಯಿಲೆ ಮರುಕಳಿಸಬಹುದು. ಹಾಗಾಗಿ “ಯಾವಾಗ ವಾಸಿಯಾಗುತ್ತದೆ?” ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ, ಅವರ ವೈದ್ಯರಲ್ಲೂ ಇಲ್ಲ. ನೀವು ಯೋಜನೆ ಹಾಕುವುದಾದರೆ ಕಾಯಿಲೆ ಇರುತ್ತದೆ ಎಂದು ಇಟ್ಟುಕೊಂಡೇ ಹಾಕಬೇಕು.

ನಿಮ್ಮ ತಂಡದಲ್ಲಿ ಇವರೊಬ್ಬರದೇ ಇಂಥ ಪರಿಸ್ಥಿತಿ ಎಂದೂ ಎಣಿಸಬೇಡಿ. ಹೇಳಿಕೊಂಡವರು ಇವರೊಬ್ಬರು, ಅಷ್ಟೇ. ಪಿಸಿಓಎಸ್ ಎಂದು ಕರೆಯುವ ಹಾರ್ಮೋನು ತೊಂದರೆ ಸಂತಾನೋತ್ಪತ್ತಿಯ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 8ರಿಂದ 13ರಷ್ಟು ಮಂದಿಯಲ್ಲಿದೆ, ಅವರಲ್ಲಿ ಬಹುಪಾಲು ಜನಕ್ಕೆ ಅದು ತಮಗಿದೆ ಎಂಬುದೇ ಗೊತ್ತಿಲ್ಲ. ಮೈಗ್ರೇನ್ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಒಮ್ಮೆ ಬಂದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಹಿಡಿದಿಟ್ಟುಕೊಳ್ಳಬಹುದು, ಮಿನುಗುವ ಟ್ಯೂಬ್‌ಲೈಟೂ ಪಕ್ಕದವರ ಸುಗಂಧದ್ರವ್ಯವೂ ಅದನ್ನು ಕೆರಳಿಸಬಲ್ಲವು. ರುಮಟಾಯ್ಡ್ ಸಂಧಿವಾತ ಇರುವವರಿಗೆ ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಬೆರಳುಗಳು ಮಡಚುವುದಿಲ್ಲ. ಹತ್ತು ಗಂಟೆಗೆ ಕೆಲಸ ಆರಂಭಿಸಿದರೆ ಎಲ್ಲರಂತೆ ಟೈಪ್ ಮಾಡಬಲ್ಲವರು ಎಂಟಕ್ಕೆ ಬಂದರೆ ಒದ್ದಾಡುತ್ತಾರೆ. ದೀರ್ಘಕಾಲದ ಆಯಾಸದ ಕಾಯಿಲೆಯಲ್ಲಿ ಇವತ್ತಿನ ಅತಿಶ್ರಮದ ಬೆಲೆಯನ್ನು ನಾಳೆಯೋ ನಾಳಿದ್ದೋ ತೆರಬೇಕಾಗುತ್ತದೆ. ಹಾಗಾಗಿ ಸೋಮವಾರದ ದೊಡ್ಡ ಮೀಟಿಂಗಿನಲ್ಲಿ ಚುರುಕಾಗಿ ಮಾತಾಡಿದವರು ಬುಧವಾರ ಏಳಲಾರದೆ ಮಲಗಿದರೆ ಅದರಲ್ಲಿ ನಾಟಕವೇನೂ ಇಲ್ಲ. 45ರಿಂದ 55ರೊಳಗೆ ಬರುವ ಮುಟ್ಟು ನಿಲ್ಲುವ ಕಾಲವಂತೂ ಕಾಯಿಲೆಯೇ ಅಲ್ಲ. ಆದರೆ ಮೀಟಿಂಗಿನ ನಡುವೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರಿಳಿಯುವುದು, ರಾತ್ರಿ ನಿದ್ದೆ ಕೆಡುವುದು, ಬಾಯಿಗೆ ಬಂದ ಪದ ಮರೆಯುವುದು ವರ್ಷಗಳ ಕಾಲ ನಡೆಯಬಹುದು, ಅದೂ ಅನುಭವಿಗಳಾದ ಹಿರಿಯ ಉದ್ಯೋಗಿಗಳಿಗೆ.

ಇವುಗಳಲ್ಲಿ ಯಾವುದೂ ಹೊರಗೆ ಕಾಣುವುದಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಬಂದವರಿಗೆ ಕುರ್ಚಿ ಎಳೆದುಕೊಡುವ ನಾವು, ಚೆನ್ನಾಗಿಯೇ ಕಾಣುವವರು ನೋವು ಎಂದರೆ ಒಂದು ಕ್ಷಣ ಅನುಮಾನಿಸುತ್ತೇವೆ.

ಕೆಲವು ವರ್ಷಗಳ ಹಿಂದೆ, ಫೋನ್ ಕರೆಗಳನ್ನು ಸ್ವೀಕರಿಸುವ ಒಂದು ಕಚೇರಿಯ ಕೆಲಸದ ವಾತಾವರಣವನ್ನು ಪರಿಶೀಲಿಸಲು ಹೋಗಿದ್ದೆ. ಅಲ್ಲಿ ಪ್ರತಿಯೊಬ್ಬರೂ ಕುರ್ಚಿ ಬಿಟ್ಟೆದ್ದ ನಿಮಿಷಗಳು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹೆಸರಿನ ಸಮೇತ ಮೂಡುತ್ತಿದ್ದವು. ಶೌಚಾಲಯ ಇದ್ದದ್ದು ಕೆಳಗಿನ ಮಹಡಿಯಲ್ಲಿ. ಮೂಲೆಯ ಮೇಜಿನಲ್ಲಿದ್ದ ಮಹಿಳೆಯೊಬ್ಬರು ಬೇಸಿಗೆಯಲ್ಲೂ ಕಪ್ಪು ಬಟ್ಟೆಯನ್ನೇ ತೊಡುತ್ತಿದ್ದರು, ಕುರ್ಚಿಯ ಮೇಲೆ ಮಡಚಿದ ಕಪ್ಪು ಶಾಲೊಂದನ್ನು ಹಾಸಿಕೊಂಡಿರುತ್ತಿದ್ದರು, ಮೇಜಿನ ಮೇಲೆ ನೀರಿನ ಬಾಟಲಿ ಇರಲಿಲ್ಲ. ಗರ್ಭಕೋಶದ ಗಡ್ಡೆಗಳಿಂದ ಅವರಿಗೆ ವಿಪರೀತ ರಕ್ತಸ್ರಾವವಾಗುತ್ತಿತ್ತು, ಕೆಲವು ದಿನ ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿತ್ತು. ಪರದೆಯ ಮೇಲೆ ನಿಮಿಷಗಳು ಏರುವುದನ್ನು ತಡೆಯಲು ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅವರಿಗೆ ಬೇಕಾದದ್ದು ರಜೆಯಲ್ಲ, ಮೆಟ್ಟಿಲಿಗೆ ಹತ್ತಿರದ ಮೇಜು ಮತ್ತು ಆ ಪರದೆಯಿಂದ ಬಿಡುಗಡೆ. ಸಂಸ್ಥೆ ಕೊನೆಗೆ ಎರಡನ್ನೂ ಮಾಡಿತು. ಹಣ ಖರ್ಚಾಗಲಿಲ್ಲ. ಆದರೆ ಪರದೆಯನ್ನು ಎಲ್ಲರಿಗೂ ತೆಗೆಯಿರಿ, ಅವರೊಬ್ಬರಿಗೆ ಮಾತ್ರ ತೆಗೆದರೆ ಉಳಿದವರು ಕಾರಣ ಕೇಳುತ್ತಾರೆ ಎಂದು ನಾನು ಸಾಕಷ್ಟು ವಾದಿಸಬೇಕಾಯಿತು.

ಈಗ ಹಾಜರಾತಿಯ ವಿಷಯಕ್ಕೆ ಬರುತ್ತೇನೆ. ನೆದರ್ಲೆಂಡ್ಸ್‌ನಲ್ಲಿ 32,748 ಮಹಿಳೆಯರನ್ನು ಒಳಗೊಂಡ ಒಂದು ದೊಡ್ಡ ಸಮೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಮುಟ್ಟಿನ ತೊಂದರೆಯಿಂದ ಕೆಲಸಕ್ಕೋ ತರಗತಿಗೋ ಹೋಗದೆ ಉಳಿದದ್ದು ಸರಾಸರಿ ವರ್ಷಕ್ಕೆ 1.3 ದಿನ. ಹೋಗಿಯೂ, ನೋವು ನುಂಗಿಕೊಂಡು ಅರ್ಧಂಬರ್ಧ ಕೆಲಸ ಮಾಡಿದ್ದರಿಂದ ಆದ ನಷ್ಟವನ್ನು ಲೆಕ್ಕ ಹಾಕಿದರೆ ಅದು ವರ್ಷಕ್ಕೆ 8.9 ದಿನಕ್ಕೆ ಸಮ. ರಜೆ ಹಾಕಿದವರ ಪೈಕಿ ನಿಜವಾದ ಕಾರಣವನ್ನು ಹೇಳಿದವರು ಐವರಲ್ಲಿ ಒಬ್ಬರು ಮಾತ್ರ. ಆ ದಿನಗಳಲ್ಲಿ ಕೆಲಸದ ವೇಳೆ ಸ್ವಲ್ಪ ಸಡಿಲವಾಗಿದ್ದರೆ ಸಾಕಿತ್ತು ಎಂದವರು ಮೂರರಲ್ಲಿ ಎರಡು ಪಾಲು. ಅಂದರೆ ಹಾಜರಾತಿ ಪಟ್ಟಿಯಲ್ಲಿ ಕಾಣುವುದು ತೊಂದರೆಯ ಸಣ್ಣ ಪಾಲು ಮಾತ್ರ. ಗೈರುಹಾಜರಿಗೆ ಶಿಕ್ಷೆ ಕೊಟ್ಟರೆ ಆ 1.3 ದಿನವನ್ನು ಇಳಿಸಬಹುದೇನೋ, ಆದರೆ ಅದು ಕಣ್ಣಿಗೆ ಕಾಣದ 8.9 ದಿನದ ಕಡೆಗೆ ಹೋಗಿ ಸೇರುತ್ತದೆ. ಹೊಟ್ಟೆ ಹಿಡಿದುಕೊಂಡು ಕುಳಿತು ಲೆಕ್ಕ ತಪ್ಪಾಗಿ ಬರೆದವರನ್ನು ಹಾಜರಾತಿ ಪಟ್ಟಿ ಮೆಚ್ಚುತ್ತದೆ.

ಎಚ್.ಆರ್. ವಿಭಾಗ ಯಾವ ಸೂತ್ರ ಬಳಸುತ್ತಿದೆ ಎಂದು ಕೇಳಿ ನೋಡಿ. ಹಲವು ಕಡೆ ಬ್ರಾಡ್‌ಫರ್ಡ್ ಸೂತ್ರ ಎಂಬುದೊಂದು ಬಳಕೆಯಲ್ಲಿದೆ. ಎಷ್ಟು ಸಲ ರಜೆ ಹಾಕಿದರೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಒಟ್ಟು ದಿನಗಳಿಂದ ಮತ್ತೆ ಗುಣಿಸುವುದು ಅದರ ಕ್ರಮ. ವರ್ಷದಲ್ಲಿ ಒಮ್ಮೆ ಸತತವಾಗಿ ಹನ್ನೆರಡು ದಿನ ರಜೆ ಹಾಕಿದವರಿಗೆ ಸಿಗುವ ಅಂಕ 12. ತಿಂಗಳಿಗೊಂದರಂತೆ ಅದೇ ಹನ್ನೆರಡು ದಿನ ಹಾಕಿದವರಿಗೆ 1,728. ಎರಡೂ ಕಡೆ ಸಂಸ್ಥೆ ಕಳೆದುಕೊಂಡದ್ದು ಹನ್ನೆರಡೇ ದಿನ. ಬಿಟ್ಟುಬಿಟ್ಟು ಬರುವ ಕಾಯಿಲೆಯನ್ನೇ ಗುರಿಯಿಟ್ಟು ಹೊಡೆಯಲು ಯಾರಾದರೂ ಸೂತ್ರ ಕಟ್ಟಿದ್ದರೆ ಅದು ಇದಕ್ಕಿಂತ ಚೆನ್ನಾಗಿ ಇರುತ್ತಿರಲಿಲ್ಲ. ನಿಮ್ಮಲ್ಲಿ ಈ ಹೆಸರಿನ ಸೂತ್ರ ಇಲ್ಲದಿದ್ದರೂ, “ಪದೇಪದೇ ರಜೆ” ಎಂಬ ಟಿಪ್ಪಣಿಯ ಹಿಂದೆ ಕೆಲಸ ಮಾಡುವುದು ಇದೇ ತರ್ಕ. ಆ ವಿಭಾಗದವರ ಮುಂದೆ ಈ ಎರಡು ಅಂಕಗಳನ್ನು ಕಾಗದದ ಮೇಲೆ ಬರೆದು ತೋರಿಸಿ. ನನ್ನ ಅನುಭವದಲ್ಲಿ ಉದ್ದುದ್ದ ವಾದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಶ್ರೇಣಿಯ ಬಗ್ಗೆ ನಿಮ್ಮ ಲಿಖಿತ ಉತ್ತರ ಚಿಕ್ಕದಾಗಿರಲಿ. “ಅವರು ಹಾಜರಿದ್ದ ದಿನಗಳಲ್ಲಿ ಮುಗಿಸಿದ ಕೆಲಸ, ಅದರ ಗುಣಮಟ್ಟ, ಒಪ್ಪಿಕೊಂಡ ಗಡುವುಗಳನ್ನು ಉಳಿಸಿಕೊಂಡ ರೀತಿ, ಇವುಗಳ ಮೇಲೆ ಅಳೆದಿದ್ದೇನೆ. ಗೈರುಹಾಜರಿಗೆ ಆರೋಗ್ಯದ ಕಾರಣವಿದೆ, ಅದು ನನಗೆ ತಿಳಿದಿದೆ” ಎಂದಷ್ಟೇ ಬರೆಯಿರಿ. “ಆರೋಗ್ಯದ ಕಾರಣ” ಎಂಬ ಎರಡು ಪದ ಬರೆಯುವುದಕ್ಕೂ ಮೊದಲು ಅವರ ಒಪ್ಪಿಗೆ ಪಡೆಯಿರಿ. ಕಾಯಿಲೆಯ ಹೆಸರನ್ನು ಇಮೇಲಿನಲ್ಲಿ ಎಲ್ಲಿಯೂ ಬರೆಯಬೇಡಿ, ಏಕೆಂದರೆ ಒಮ್ಮೆ ಕಳಿಸಿದ ಇಮೇಲು ಯಾರ ಯಾರ ಪೆಟ್ಟಿಗೆ ಸೇರುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ದಾಖಲೆ ಬೇಕೇಬೇಕು ಎಂದು ವಿಭಾಗ ಹಟ ಹಿಡಿದರೆ, ಪ್ರತಿ ರಜೆಗೂ ಒಂದು ಪ್ರಮಾಣಪತ್ರ ಕೇಳುವ ಬದಲು ವರ್ಷಕ್ಕೊಮ್ಮೆ ವೈದ್ಯರಿಂದ ಒಂದು ಪತ್ರ ಸಾಕೆಂದು ಒಪ್ಪಿಸಿ. ಮನೆಯಲ್ಲಿ ಮುದುಡಿ ಮಲಗಿರಬೇಕಾದ ದಿನ ಕೇವಲ ಚೀಟಿಗಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸುವುದರಿಂದ ಯಾರಿಗೂ ಲಾಭವಿಲ್ಲ. ಆ ಪತ್ರದಲ್ಲಿಯೂ ರೋಗದ ಹೆಸರಿಗಿಂತ ಕೆಲಸದ ಮೇಲೆ ಆಗುವ ಪರಿಣಾಮ ಮತ್ತು ಬೇಕಾದ ಬದಲಾವಣೆಗಳು ಇದ್ದರೆ ಸಾಕು.

ಕಾನೂನಿನ ವಿಷಯದಲ್ಲಿ ಒಂದು ಮಾತು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಅತಿಯಾದ ಹೊರೆಯಾಗದಂಥ ಸೂಕ್ತ ಹೊಂದಾಣಿಕೆಯನ್ನು, ಅಂದರೆ ಅವರಿಗೆ ಬೇಕಾದ ಬದಲಾವಣೆಗಳನ್ನು, ನಿರಾಕರಿಸುವುದನ್ನೂ ತಾರತಮ್ಯವೆಂದೇ ಪರಿಗಣಿಸುತ್ತದೆ. ದೀರ್ಘಕಾಲದ ಕಾಯಿಲೆಯೊಂದು ಅಂಗವೈಕಲ್ಯದ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬುದು ಆಯಾ ದೇಶದ ಕಾನೂನು ಮತ್ತು ಕಾಯಿಲೆಯ ತೀವ್ರತೆಯ ಮೇಲೆ ನಿಂತಿರುತ್ತದೆ. ಶ್ರೇಣಿ ಇಳಿಸುವ ಮುನ್ನ ಸಂಸ್ಥೆಯ ಕಾನೂನು ಸಲಹೆಗಾರರನ್ನು ಕೇಳಿ ಎಂದು ನೀವು ಸೂಚಿಸಿದರೂ ಸಾಕು, ಬಹಳಷ್ಟು ಅವಸರ ಅಲ್ಲಿಗೇ ನಿಲ್ಲುತ್ತದೆ.

ಮುಟ್ಟಿನ ರಜೆ ಎಂಬ ಪ್ರತ್ಯೇಕ ರಜೆ ತಂದರೆ ಆಗದೇ ಎಂದು ನಿಮ್ಮ ವಿಭಾಗ ಕೇಳಬಹುದು. ರಜೆ ಬೇಕು, ನಾನು ಅದರ ಪರ. ಆದರೆ ಅದೊಂದರಿಂದಲೇ ಕೆಲಸ ಮುಗಿಯಿತೆಂದು ನಂಬುವವರು ಜಪಾನನ್ನು ನೋಡಬೇಕು. ಅಲ್ಲಿ ಈ ರಜೆ 1947ರಿಂದಲೇ ಕಾನೂನಿನಲ್ಲಿದೆ. ಆದರೂ ಈಚಿನ ಸರ್ಕಾರಿ ಸಮೀಕ್ಷೆಗಳಲ್ಲಿ ಅದನ್ನು ಬಳಸಿಕೊಂಡ ಮಹಿಳಾ ನೌಕರರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ವೇತನ ಕೊಡಲೇಬೇಕೆಂದು ಕಾನೂನು ಹೇಳದಿರುವುದು ಒಂದು ಕಾರಣ. ಗಂಡಸು ಮೇಲಧಿಕಾರಿಯ ಮುಂದೆ ಅದನ್ನು ಕೇಳಬೇಕಾದ ಸಂಕೋಚ ಇನ್ನೊಂದು. 2023ರಲ್ಲಿ ಯುರೋಪಿನಲ್ಲೇ ಮೊದಲಿಗೆ ಇಂಥ ಕಾನೂನು ತಂದ ಸ್ಪೇನ್ ವೇತನದ ಹೊರೆಯನ್ನು ಸರ್ಕಾರವೇ ಹೊರುವಂತೆ ಮಾಡಿತು, ಅದು ಜಾಣತನ. ಆದರೆ ವೈದ್ಯರ ಪ್ರಮಾಣಪತ್ರ ಬೇಕೆಂದಿತು. ಅರ್ಜಿಯ ಹೆಸರೇ ನಿಮ್ಮ ದೇಹದ ಸ್ಥಿತಿಯನ್ನು ಕಚೇರಿಗೆಲ್ಲ ಸಾರುವಂತಿದ್ದರೆ ಅದನ್ನು ಬಳಸುವ ಧೈರ್ಯ ಕೆಲವರಿಗೆ ಮಾತ್ರ ಬರುತ್ತದೆ. ಕಾರಣ ಹೇಳದೆ, ಅರ್ಧ ದಿನದ ಅಥವಾ ಗಂಟೆಗಳ ಲೆಕ್ಕದಲ್ಲಿ, ಎಲ್ಲರೂ ಬಳಸಬಹುದಾದ ಆರೋಗ್ಯ ರಜೆ ನಿಮ್ಮಂಥ ಸಂಸ್ಥೆಗೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಕೈಯಲ್ಲೇ ಇರುವ ಸಂಗತಿ, ಅಂದರೆ ಕೆಲಸದ ಹಂಚಿಕೆ. ನಿಮಗೆ ನಿಜವಾಗಿ ತೊಂದರೆ ಕೊಡುತ್ತಿರುವುದು ತಿಂಗಳಿಗೆ ಎರಡು ದಿನ ಎಂಬುದಲ್ಲ, ಯಾವ ಎರಡು ದಿನ ಎಂಬುದು ಮೊದಲೇ ತಿಳಿಯದಿರುವುದು. ಅವರಿಗೂ ಅದೇ ಕಷ್ಟ. ನೋವು ಹೇಳಿ ಕೇಳಿ ಬರುವುದಿಲ್ಲ. ಆದ್ದರಿಂದ ಒಂದು ಸಂಜೆ ಕುಳಿತು ತಂಡದ ಕೆಲಸವನ್ನೆಲ್ಲ ಎರಡು ಗುಂಪು ಮಾಡಿ. ಒಂದು, ಗಡಿಯಾರಕ್ಕೆ ಕಟ್ಟಿದ ಕೆಲಸ: ಹತ್ತು ಗಂಟೆಗೆ ಕರೆ ಬಂದರೆ ಹತ್ತಕ್ಕೇ ಯಾರಾದರೂ ಎತ್ತಬೇಕು. ಇನ್ನೊಂದು, ವಾರಕ್ಕೆ ಕಟ್ಟಿದ ಕೆಲಸ: ಲೆಕ್ಕ ತಾಳೆ ನೋಡುವುದು, ಬಾಕಿ ಪಟ್ಟಿ ಸಿದ್ಧಪಡಿಸುವುದು, ವರದಿ ಬರೆಯುವುದು, ಶುಕ್ರವಾರದೊಳಗೆ ಮುಗಿದರೆ ಅದು ಮಂಗಳವಾರ ಆಯಿತೇ ಗುರುವಾರ ಆಯಿತೇ ಎಂದು ಯಾರೂ ಕೇಳುವುದಿಲ್ಲ. ಅವರ ಪಾಲಿನಲ್ಲಿ ಎರಡನೆಯ ಬಗೆಯ ಕೆಲಸ ಹೆಚ್ಚಿರಲಿ. ಮೊದಲನೆಯ ಬಗೆಯ ಕೆಲಸಕ್ಕೆ, ಅವರಿಗೆ ಮಾತ್ರವಲ್ಲ ಹದಿನೆಂಟು ಜನರಿಗೂ, ಬದಲಿ ಆಳೊಬ್ಬರ ಹೆಸರು ಪಾಳಿಯ ಪಟ್ಟಿಯಲ್ಲೇ ಇರಲಿ. ಯಾರ ಕೆಲಸ ಎಲ್ಲಿಗೆ ನಿಂತಿದೆ ಎಂಬುದನ್ನು ದಿನದ ಕೊನೆಗೆ ಎರಡು ಸಾಲಿನಲ್ಲಿ, ತಂಡದವರೆಲ್ಲ ನೋಡಬಹುದಾದ ಕಡತದಲ್ಲಿ ಬರೆದಿಡುವ ರೂಢಿ ತನ್ನಿ. ನಾಳೆ ಇನ್ನೊಬ್ಬರ ಮಗುವಿಗೆ ಜ್ವರ ಬಂದಾಗಲೂ ಇದೇ ವ್ಯವಸ್ಥೆ ಕೈಹಿಡಿಯುತ್ತದೆ. ಹಾಗಾಗಿ ಇದು ಒಬ್ಬರಿಗಾಗಿ ಮಾಡಿದ್ದು ಎಂದು ಯಾರೂ ಬೆರಳು ತೋರಿಸಲಾರರು.

ಬೆಳಿಗ್ಗೆ ತಿಳಿಸುವ ಕ್ರಮವನ್ನೂ ಮೊದಲೇ ಒಪ್ಪಿಕೊಳ್ಳಿ. ನೋವಿನಲ್ಲಿರುವವರು ನಾಲ್ಕು ಜನಕ್ಕೆ ಫೋನ್ ಮಾಡಿ ನಾಲ್ಕು ಸಲ ಕ್ಷಮೆ ಕೇಳುವಂತಾಗಬಾರದು. “ಇವತ್ತು ಬರಲಾಗುವುದಿಲ್ಲ” ಅಥವಾ “ಇವತ್ತು ಮನೆಯಿಂದ ಅರ್ಧ ದಿನ” ಎಂಬ ಒಂದು ಸಾಲಿನ ಸಂದೇಶ ನಿಮಗೆ ಬಂದರೆ ಸಾಕು, “ಸರಿ” ಎಂಬ ಒಂದು ಪದದ ಉತ್ತರ ನಿಮ್ಮಿಂದ ಹೋಗಲಿ. ಬಿಸಿನೀರಿನ ಚೀಲ ಹೊಟ್ಟೆಗಿಟ್ಟುಕೊಂಡು ಮನೆಯಲ್ಲಿ ಮೂರು ಗಂಟೆ ಕೆಲಸ ಮಾಡಬಲ್ಲವರು ಬಸ್ಸಿನಲ್ಲಿ ನಿಂತು ಕಚೇರಿಗೆ ಬರಲಾರರು ಎಂಬುದು ನಿಜ. ಆದರೆ ಮನೆಯಿಂದ ಕೆಲಸ ಎಂಬ ಸೌಲಭ್ಯ, ಕಾಯಿಲೆ ಬಿದ್ದಾಗಲೂ ಲ್ಯಾಪ್‌ಟಾಪ್ ತೆರೆಯಲೇಬೇಕು ಎಂಬ ಒತ್ತಾಯವಾಗಿ ತಿರುಗದಂತೆ ನೋಡಿಕೊಳ್ಳಿ. ಆಗದ ದಿನ ಆಗದು, ಅಷ್ಟೇ. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳು ಅವರಿಗೆ ವಿಶೇಷವಾಗಿ ಕಠಿಣವಾಗುತ್ತಿದ್ದರೆ ಅದನ್ನು ಅವರೇ ಹೇಳಲಿ. ಒಳ್ಳೆಯ ಮನಸ್ಸಿನ ಮ್ಯಾನೇಜರೊಬ್ಬರು ತಮ್ಮ ಮೇಜಿನ ಕ್ಯಾಲೆಂಡರಿನಲ್ಲಿ ಸಹೋದ್ಯೋಗಿಯ ಮುಟ್ಟಿನ ದಿನಗಳನ್ನು ಅಂದಾಜು ಮಾಡಿ ಕೆಂಪು ಚುಕ್ಕಿ ಇಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉದ್ದೇಶ ಚೆನ್ನಾಗಿಯೇ ಇತ್ತು. ಆ ಕ್ಯಾಲೆಂಡರನ್ನು ನೋಡಿದ ಆಕೆಯ ಮುಖ ನನಗೆ ಇನ್ನೂ ನೆನಪಿದೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು, ಒಳ್ಳೆಯವರೇ ಹೆಚ್ಚಾಗಿ ಮಾಡುವಂಥದ್ದು. ಕಾಯಿಲೆ ಇದೆಯೆಂದು ತಿಳಿದೊಡನೆ ಕಷ್ಟದ ಕೆಲಸ, ದೊಡ್ಡ ಗ್ರಾಹಕರ ಖಾತೆ, ಪ್ರವಾಸ, ಬಡ್ತಿಗೆ ದಾರಿಯಾಗುವ ಜವಾಬ್ದಾರಿ, ಎಲ್ಲವನ್ನೂ ಅವರಿಂದ ಮೆಲ್ಲಗೆ ತೆಗೆದು ಬೇರೆಯವರಿಗೆ ಕೊಡಲಾಗುತ್ತದೆ. “ಪಾಪ, ಅವರಿಗೆ ಯಾಕೆ ತೊಂದರೆ” ಎಂಬ ಮಾತಿನಲ್ಲಿ ಎಷ್ಟೋ ಹೆಣ್ಣುಮಕ್ಕಳ ಉದ್ಯೋಗ ಜೀವನ ನಿಂತಲ್ಲೇ ನಿಂತಿದೆ. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದನ್ನು ಅವರನ್ನೇ ಕೇಳಿ. ಬಿಡುವುದಿಲ್ಲ ಎಂದರೆ ಬಿಡಿಸಬೇಡಿ.

ಹೆಜ್ಜೆ ಎಣಿಸುವ ಸ್ಪರ್ಧೆಯ ಬಗ್ಗೆ ನನಗೆ ದೊಡ್ಡ ದ್ವೇಷವೇನಿಲ್ಲ. ಆದರೆ ಅಂಕಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದರೆ ಅದನ್ನು ತೆಗೆಸಿ. ಕೀಲುನೋವಿನವರೂ ಆಯಾಸದ ಕಾಯಿಲೆಯವರೂ ಆ ಪಟ್ಟಿಯ ತಳದಲ್ಲೇ ಇರುತ್ತಾರೆ, ಕೆಲವರು ಅದರಿಂದ ಮೇಲೇರಲು ಹೋಗಿ ಮೈ ಕೆಡಿಸಿಕೊಳ್ಳುತ್ತಾರೆ. ಸಿಬ್ಬಂದಿಯ ಕ್ಷೇಮ ನಿಂತಿರುವುದು ಬಹುಮಟ್ಟಿಗೆ ಕೆಲಸದ ರಚನೆಯ ಮೇಲೆಯೇ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ತಮ್ಮ ಕೆಲಸದ ಮೇಲೆ ತಮಗೆ ಹಿಡಿತ ಕಡಿಮೆ ಇರುವವರಲ್ಲಿ ಹೃದ್ರೋಗದ ಅಪಾಯ ಹೆಚ್ಚಿರುವುದನ್ನು ತೋರಿಸಿತು. ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಬಗ್ಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾರ್ಗಸೂಚಿಯೂ ಕೆಲಸದ ಪರಿಸ್ಥಿತಿಯನ್ನು ಬದಲಿಸುವುದಕ್ಕೆ ಮತ್ತು ಮೇಲಧಿಕಾರಿಗಳಿಗೆ ತರಬೇತಿ ಕೊಡುವುದಕ್ಕೆ ಒತ್ತು ಕೊಡುತ್ತದೆ. ಧ್ಯಾನದ ತರಗತಿಯ ಒಂದು ಗಂಟೆಯನ್ನು ಮ್ಯಾನೇಜರುಗಳ ತರಬೇತಿಗೆ ಕೊಡಿಸಲು ಸಾಧ್ಯವೇ ನೋಡಿ.

ಗೊಣಗಾಟಕ್ಕೆ ಏನು ಮಾಡಬೇಕು? ಮೊದಲು ಅದನ್ನು ಕೆಟ್ಟತನವೆಂದು ತಳ್ಳಿಹಾಕಬೇಡಿ. ಗೊಣಗುವವರಲ್ಲಿ ಬಹುಪಾಲು ಜನಕ್ಕೆ ಆಕೆಯ ರಜೆಯ ಕಾರಣದ ಬಗ್ಗೆ ಕುತೂಹಲಕ್ಕಿಂತ, ಆ ದಿನದ ಕರೆಗಳೆಲ್ಲ ತಮ್ಮ ತಲೆಗೆ ಬಂದವಲ್ಲ ಎಂಬ ಸಿಟ್ಟೇ ಹೆಚ್ಚಿರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಯಾರು ಎಷ್ಟು ಸಲ ಬದಲಿಯಾಗಿ ಕುಳಿತರು ಎಂಬ ಲೆಕ್ಕವಿಟ್ಟು, ಅದಕ್ಕೆ ಪ್ರತಿಯಾಗಿ ಅವರಿಗೆ ಬಿಡುವನ್ನೋ ಇನ್ನೊಂದು ಕೆಲಸದಿಂದ ವಿನಾಯಿತಿಯನ್ನೋ ಕೊಡಿ. ಸಹೋದ್ಯೋಗಿಯೂ ತಾವು ಚೆನ್ನಾಗಿರುವ ದಿನಗಳಲ್ಲಿ ಇತರರಿಗೆ ಬದಲಿಯಾಗಲು ಸಾಮಾನ್ಯವಾಗಿ ಸಂತೋಷದಿಂದಲೇ ಒಪ್ಪುತ್ತಾರೆ. ಬರೀ ಪಡೆಯುವವರಾಗಿರುವುದು ಅವರಿಗೂ ಬೇಕಿರುವುದಿಲ್ಲ. ಕಾರಣವನ್ನೇ ಕೆದಕುವವರಿಗೆ “ಕಾರಣ ನನಗೆ ಗೊತ್ತಿದೆ, ಅದು ಸರಿಯಾದ ಕಾರಣ. ವಿವರ ಹೇಳಲಾರೆ. ನಾಳೆ ನಿಮಗೇನಾದರೂ ಆದರೆ ನಿಮ್ಮ ವಿವರವನ್ನೂ ಇನ್ನೊಬ್ಬರಿಗೆ ಹೇಳಲಾರೆ” ಎಂದು ಹೇಳಿ. ಈ ಕೊನೆಯ ವಾಕ್ಯ ಕೇಳಿದ ಮೇಲೆ ಮತ್ತೆ ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ಯಾರಾದರೂ ಇದನ್ನು ದುರುಪಯೋಗ ಮಾಡಿಕೊಂಡರೆ ಎಂಬ ಅಳುಕು ನಿಮಗಿರಬಹುದು. ಮಾಡಿಕೊಳ್ಳುವವರು ಇರುತ್ತಾರೆ, ಆದರೆ ಅವರು ಕೆಲಸದ ಗುಣಮಟ್ಟದಲ್ಲಿ ಸಿಕ್ಕಿಬೀಳುತ್ತಾರೆ. ನಿಪುಣರು ಎಂದು ನೀವೇ ಬಣ್ಣಿಸಿರುವವರ ವಿಷಯದಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ.

ತುರ್ತು ಸಂದರ್ಭಕ್ಕೂ ಮೊದಲೇ ಮಾತಾಡಿಟ್ಟುಕೊಳ್ಳಿ. ಕಚೇರಿಯಲ್ಲೇ ತಲೆಸುತ್ತಿ ಬಿದ್ದರೆ, ಎಂದಿನಂತಲ್ಲದ ತೀವ್ರ ನೋವೋ ನಿಲ್ಲದ ರಕ್ತಸ್ರಾವವೋ ಆದರೆ ಯಾರಿಗೆ ಕರೆ ಮಾಡಬೇಕು, ಯಾವ ಸಹೋದ್ಯೋಗಿ ಜೊತೆಗಿದ್ದರೆ ಅವರಿಗೆ ಸಮಾಧಾನ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ವರ್ಷಗಟ್ಟಲೆಯ ನೋವಿನ ಜೊತೆಗೆ ಖಿನ್ನತೆ ಬರುವುದು ಅಪರೂಪವಲ್ಲ. ಅವರ ಮಾತಿನಲ್ಲಿ ಹತಾಶೆ ಕಂಡರೆ, ಬದುಕು ಸಾಕಾಗಿದೆ ಎಂಬಂಥ ಮಾತು ಬಂದರೆ, ಅದನ್ನು ಕೇಳಿಯೂ ಕೇಳದಂತೆ ಇರಬೇಡಿ. ಅದೇ ದಿನ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲು ನೆರವಾಗಿ.

ಇಷ್ಟನ್ನೂ ಇಬ್ಬರೂ ಸೇರಿ ಅರ್ಧ ಪುಟದಲ್ಲಿ ಬರೆದಿಡಿ: ಏನೇನು ಬದಲಾಯಿತು, ಬೆಳಿಗ್ಗೆ ಹೇಗೆ ತಿಳಿಸುವುದು, ಯಾರಿಗೆ ಎಷ್ಟು ಗೊತ್ತಿರಬಹುದು. ಕಾಯಿಲೆಯ ಹೆಸರು ಅದರಲ್ಲಿ ಬೇಡ. ಮೂರು ತಿಂಗಳ ನಂತರದ ಒಂದು ದಿನಾಂಕವನ್ನು ಅದರ ಕೆಳಗೆ ಹಾಕಿ, ಆ ದಿನ ಮತ್ತೆ ಕುಳಿತು ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂದು ನೋಡಿ. ಮೊದಲ ಸಲಕ್ಕೇ ಎಲ್ಲವೂ ಹೊಂದಿಕೊಳ್ಳುವುದು ಕಡಿಮೆ. ಆ ಹಾಳೆಯ ಒಂದು ಪ್ರತಿ ಅವರ ಬಳಿ ಇರಲಿ. ನಾಳೆ ನೀವು ಬೇರೆ ವಿಭಾಗಕ್ಕೆ ವರ್ಗವಾದರೆ, ಹೊಸದಾಗಿ ಬಂದವರ ಮುಂದೆ ಅವರು ತಮ್ಮ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿಲ್ಲ. ಆ ಹಾಳೆಯನ್ನು ತೋರಿಸಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ.